ಐತವಾರದ ಗುಳಿಗೆ

ಮೂರನೆಯ ದಿನದ ಕಾರ್ಯ ಮುಗಿಸಿ ಔರಾದಿನ ನೆಂಟರು ಪುಣೆಗೆ ಕೂಲಿಗೆ ಹೋಗುವ ಲಾರಿ ಹತ್ತಿದರು. ಆ ವರ್ಷ ಊರಲ್ಲಿ ಕುಡಿಯಲೂ ನೀರಿರಲಿಲ್ಲ. ಮರುದಿನ ಬೆಳಿಗ್ಗೆ ಮೈಲೂರಿನ ಮನೆಯಲ್ಲಿ ನಾನು, ಅತ್ತೆ ಜಿಜಾಬಾಯಿ ಇಬ್ಬರೇ. ಟ್ಯಾಂಕರ್ ಬಂತು. ನಾಲ್ಕು ಕೊಡ ಹಿಡಿದೆ. ಚಹಾ ಸೋಸಿದೆ.

“ಮೂರ ಕಪ್ ಯಾಕ? ನನ್ನ ಮಗನ್ನ ತಿಂದದ್ದು ಇಷ್ಟರಾಗ ಮರತೇನ?”

ನನ್ನ ಗಂಡ ನರಸಿಂಗ ತವರಿನಿಂದ ನನ್ನನ್ನು ಕರೆತರಲು ಬೈಕಿನಲ್ಲಿ ಭಾಲ್ಕಿಗೆ ಹೊರಟವನು ದಾರಿಯಲ್ಲೇ ಸತ್ತ. ಬಂದವರಿಗೆಲ್ಲ ಅತ್ತೆ ಹೇಳಿದ್ದು ಇದನ್ನೇ: ಈಕೆ ತವರಿಗೆ ಹೋಗದಿದ್ದರೆ ಮಗ ಬದುಕುತ್ತಿದ್ದ.

“ಇವತ್ತ ಐತವಾರ. ಗುಳಿಗಿ ತಾ.”

ವಾರಕ್ಕೊಂದು ವಿಟಮಿನ್ ಡಿ. ಅತ್ತೆಗೆ ಮುಟ್ಟು ನಿಂತು ಆರು ವರ್ಷ. ಎಲುಬು ಸವೆದಿತ್ತು, ರಕ್ತದಲ್ಲಿ ಡಿ ತೀರಾ ಕಡಿಮೆ ಇತ್ತು. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ನರಸಿಂಗ ಹದಿನೈದು ದಿನದ ಹಿಂದಷ್ಟೇ ಅವರ ದವಡೆಗೆ ಎರಡು ಇಂಪ್ಲಾಂಟ್ ಹಾಕಿಸಿದ್ದ. ಎಲುಬು ಆ ಸ್ಕ್ರೂಗಳನ್ನು ಹಿಡಿದುಕೊಳ್ಳಲು ನಾಲ್ಕು ತಿಂಗಳು. ಆಮೇಲೆ ಹಲ್ಲು. ಅಳತೆಗೆಂದು ಅವರ ಹಳೆಯ ಕಟ್ಟುಹಲ್ಲಿನ ಸೆಟ್ ಕೇಳಿ ಒಯ್ದಿದ್ದ: “ತಿರಗಿ ಕೊಡ್ತೇನಿ ಆಯಿ, ಖರೇ.”

ಲ್ಯಾಬಿನವರು ತಂದುಕೊಟ್ಟ ಅವನ ಚೀಲದಲ್ಲಿ ಆ ಸೆಟ್ ಇತ್ತು. ನಾನು ಹೇಳಲಿಲ್ಲ. ಅತ್ತೆ ರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗುತ್ತಿದ್ದರು.

ಆ ಬೆಳಿಗ್ಗೆ ಅವರ ಅಂಗೈಗೆ ಡಿ ಬದಲು ಬಿ-ಕಾಂಪ್ಲೆಕ್ಸ್ ಇಟ್ಟೆ. ಅವರಿಗೆ ಓದು ಬರುವುದಿಲ್ಲ. ನಾನು ಎಂ.ಎಸ್ಸಿ. ಮಾಡಿದ್ದು ಜೀವರಸಾಯನದಲ್ಲಿ.

ಹದಿನಾಲ್ಕು ಐತವಾರ ಹಾಗೇ ಕೊಟ್ಟೆ. ಅವರು ಬೈದು ನುಂಗಿದರು.

ನಾಲ್ಕು ತಿಂಗಳು ತುಂಬಿದಾಗ ಹಲ್ಲಿನ ಡಾಕ್ಟರ್ ಹಬೀಬ ಮೊದಲ ಸ್ಕ್ರೂ ಮುಟ್ಟಿದರು. ಅಲುಗಿತು. ಎರಡನೆಯದೂ.

“ಗುಳಿಗಿ ತಪ್ಪಿಸೀರೇನ್ರಿ?”

“ಒಂದ ಐತವಾರ ತಪ್ಪಿಲ್ರಿ ಸಾಬ. ಸೊಸಿ ತನ್ನ ಕೈಲೆ ಕೊಟ್ಟಾಳ. ಅಕಿ ಮರಿಯಾಕಿ ಅಲ್ಲ.”

ಮದುವೆಯಾದಂದಿನಿಂದ ಅವರು ನನ್ನ ಪರವಾಗಿ ಮಾತಾಡಿದ್ದು ಅದೊಂದೇ ಸಲ.

“ಗುಳಿಗಿ ತಗೊಂಡವರಿಗೂ ಒಮ್ಮೊಮ್ಮೆ ಹಿಡಿಯಂಗಿಲ್ರಿ,” ಡಾಕ್ಟರು ಕೈಗವಸು ಕಳಚಿದರು. “ಇಂಥದ್ದಕ್ಕಽ ಹೋತು ಅಂತ ಹೇಳಾಕ ಬರಂಗಿಲ್ಲ.”

ಅಂದರೆ ಮಾಡಿದ್ದು ನಾನೇ ಎಂದು ನನಗೂ ಖಾತ್ರಿಯಿಲ್ಲ. ಸಿಟ್ಟು ಬಂದದ್ದು ಅದಕ್ಕೆ.

ಮನೆಗೆ ಬಂದು ಅವನ ಚೀಲ ಬಿಚ್ಚಿದೆ. ಸೆಟ್ ತೊಳೆದು, ಸ್ಟೀಲ್ ಬಟ್ಟಲಲ್ಲಿ ಹಾಕಿ ಅತ್ತೆಯ ಮುಂದಿಟ್ಟೆ.

“ನಿಮ್ಮ ಮಗ ತಿರಗಿ ಕೊಡ್ತೇನಿ ಅಂದಿದ್ರಲ್ರಿ. ತಗೋರಿ.”