ಚಳಿ ಬಿಡದ ಕಾರು

ತಮಿಳುನಾಡಿನ ಕಾರಿಮಂಗಲದ ಸಮಸ್ತ ನಾಗರಿಕರ ಗಮನಕ್ಕೆ ತರುವುದೇನೆಂದರೆ, ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿಯ ಒಂದು ಸೋಮವಾರ ಬೆಳಗ್ಗೆ ಎಲ್ಲಪ್ಪನವರ ಕಾರು ಕೆಮ್ಮಿತು. ಸದರಿ ಕೆಮ್ಮನ್ನು ಯಾರೂ ಹಗುರವಾಗಿ ಪರಿಗಣಿಸಬಾರದಾಗಿ ಕೋರಲಾಗಿದೆ. ಯಾಕೆಂದರೆ ಅದು ಕೆಮ್ಮಿದ ರಭಸಕ್ಕೆ ಎದುರುಮನೆಯ ಚಿಕ್ಕಮುನಿಯಪ್ಪ ಒಣಹಾಕಿದ್ದ ಬಿಳಿ ಪಂಚೆ ಶಬರಿಮಲೆಗೆ ಹೊರಟವರ ಪಂಚೆಯಾಯಿತು.

"ನಾನು ಒಗ್ದಿದ್ದೆ, ನಿನ್ ಕಾರು ಒಗೆ ಬುಟ್ತು" ಎಂದ ಚಿಕ್ಕಮುನಿಯಪ್ಪ. ಹೊಗೆಗೂ ಒಗೆತಕ್ಕೂ ಒಂದೇ ಮಾತು ಸಾಕಾಗುವ ಊರಿನಲ್ಲಿ ಇದಕ್ಕಿಂತ ದೊಡ್ಡ ದೂರು ಕೊಡಲು ಬರುವುದಿಲ್ಲ. ಅವನ ಕಸುಬು ಮನೆಗಳಿಗೆ ಸುಣ್ಣ ಬಳಿಯುವುದು. ಕಪ್ಪು ಬಣ್ಣ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲಪ್ಪ ಮೆಟ್ಟೂರಿನ ಕರೆಂಟು ಸ್ಟೇಷನ್ನಿನಲ್ಲಿ ಕ್ರೇನು ಓಡಿಸಿ ರಿಟೈರ್ ಆದವನು. ಜೀವಮಾನವೆಲ್ಲ ಎತ್ತುವುದೇ ಕೆಲಸವಾಗಿದ್ದರಿಂದ, ಒಮ್ಮೆ ಎತ್ತಿಕೊಂಡದ್ದನ್ನು ಕೆಳಗಿಡುವ ಅಭ್ಯಾಸ ಅವನಿಗಿರಲಿಲ್ಲ. ಹಾಗೆ ಎತ್ತಿಕೊಂಡು ಬಂದದ್ದೇ ಈ ಕಾರು. ಯಾವನೋ ಜರ್ಮನಿ ಇಂಜಿನಿಯರ್ ಮೆಟ್ಟೂರಿಗೆ ತಂದು, ಹೋಗುವಾಗ ಟಾರ್ಪಾಲಿನಡಿ ಬಿಟ್ಟುಹೋಗಿದ್ದ ಅರವತ್ತೊಂಬತ್ತರ ಮಾಡೆಲ್ಲು. ಆ ಕಾಲಕ್ಕೇ ಅದರಲ್ಲಿ ಕಾರ್ಬೊರೇಟರ್ ಇರಲಿಲ್ಲ, ಇಂಜೆಕ್ಷನ್ ಇತ್ತು. ಸೂಜಿಗಳು ಪೆಟ್ರೋಲನ್ನು ಇಂಜಿನ್ನಿಗೆ ಚುಚ್ಚುತ್ತಿದ್ದವು. ಎಷ್ಟು ಚುಚ್ಚಬೇಕೆಂದು ಸೀಟಿನ ಕೆಳಗಿನ ತಗಡಿನ ಡಬ್ಬಿಯೊಂದು ಲೆಕ್ಕ ಹಾಕಿ ಹೇಳುತ್ತಿತ್ತು.

"ಚುಚ್ಚಕ್ಕೆ ಮನೇಲಿ ಮಾದಮ್ಮ ಅವ್ಳಲ್ಲ, ಕಾರು ಬೇರೆ ಬೇಕಿತ್ತಾ" ಎಂದು ಚಿಕ್ಕಮುನಿಯಪ್ಪ ಆಗಾಗ ಕೇಳುವುದಿತ್ತು.

ಆ ಮಾದಮ್ಮ, ಅಂದರೆ ಎಲ್ಲಪ್ಪನ ಹೆಂಡತಿ, ಈಗ ಚುಚ್ಚುವುದನ್ನು ಬಿಟ್ಟು ಕೊಯ್ಯಲು ನಿಂತಿದ್ದಳು. ಹಿತ್ತಲಿನ ಹಿಪ್ಪುನೇರಳೆ ಸೊಗಸಾಗಿ ಚಿಗುರಿತ್ತು. ರೇಷ್ಮೆಹುಳು ಸಾಕಲು ಅವಳಿಗೆ ಶೆಡ್ಡು ಬೇಕಿತ್ತು. ಶೆಡ್ಡಿನಲ್ಲಿ ಕಾರಿತ್ತು.

"ಬಾನುವಾರ ಸೇಲಮ್ಮಲ್ಲಿ ಅಳೇ ಕಾರುಗಳ ಮೆರವಣಿಗೆ ಅಂತೀಯಲ್ಲ, ಅಲ್ಲಿ ನಿನ್ ಕಾರಿಗೆ ನಂಬರ್ ಅಂಟ್ಸಿದ್ರೆ ಶೆಡ್ಡು ಕಾರಿಗೆ" ಎಂದಳು. "ಅಂಟುಸ್ಲಿಲ್ಲ ಅಂದ್ರೆ ಉಳಕ್ಕೆ. ಆಮೇಲೆ ಕಾರು ಬೇವಿನ ಮರದ ಕೆಳ್ಗೆ. ಕಾಗೆ ಇಕ್ಕೆ ಒರೆಸ್ಕೊಂಡು ಕೂತ್ಕೋ."

ಬೇವಿನ ಮರದ ಕೆಳಗೆ ಅಂದರೆ ಒಂದು ಮಳೆಗಾಲಕ್ಕೆ ತುಕ್ಕು, ಎರಡನೆಯದಕ್ಕೆ ಗುಜರಿ. ಹೊಗೆ ಬಿಡುವ ಕಾರನ್ನು ಸೇಲಂನವರು ಗೇಟಿನೊಳಕ್ಕೇ ಬಿಡುವುದಿಲ್ಲವೆಂದು ಎಲ್ಲಪ್ಪನಿಗೆ ಖಾತ್ರಿಯಿತ್ತು. ಯಾರೂ ಹೇಳಿರಲಿಲ್ಲ, ಆದರೂ ಖಾತ್ರಿಯಿತ್ತು. ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಕಾಳಿಯಪ್ಪನ್‌ನನ್ನು ಕರೆಯಲು ಅವನು ಓಡಿಯೇ ಹೋದ.

ಕಾಳಿಯಪ್ಪನ್ ಸೈಲೆನ್ಸರಿಗೆ ಮೂಗಿಟ್ಟ, ಕಣ್ಣು ಮುಚ್ಚಿದ. ಪ್ಲಗ್ಗು ಬಿಚ್ಚಿದರೆ ಕಾಡಿಗೆ ಡಬ್ಬಿಯಿಂದ ತೆಗೆದಂತಿತ್ತು. "ಅಣ್ಣೇ, ವಂಡಿ ರಿಚ್ಚಾ ಓಡುದು" ಎಂದ. ಗಾಳಿ ಕಮ್ಮಿ, ಪೆಟ್ರೋಲು ಜಾಸ್ತಿ ಎಂದರ್ಥ. ಇದನ್ನು ಕೇಳಿಸಿಕೊಂಡ ದಾರಿಹೋಕರೊಬ್ಬರು ಟೀ ಅಂಗಡಿಯಲ್ಲಿ ಎಲ್ಲಪ್ಪ ರಿಚ್ಚಾದನೆಂದು ಸುದ್ದಿ ಹಬ್ಬಿಸಿದರು. ಸಂಜೆಗೆ ದೇವಸ್ಥಾನದ ಚಂದಾದವರು ಬಂದರು.

"ರಿಚ್ಚಾಗಿರೋದು ಕಾರು, ಸ್ವಾಮಿ" ಎಂದು ಮಾದಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. "ನಾವು ಪೂರಾ ಪೂರು."

ಚಂದಾದವರನ್ನು ಸಾಗಹಾಕಿ ಬಂದವಳು ಕಾರಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾನು ದಿನಾ ನೋಡ್ತಾ ಇವ್ನಿ. ಬೆಳಗ್ಗೆ ಎದ್ದಾಗ ಚಂದಾಗೇ ಇರ್ತದೆ. ಮೈ ಬಿಸಿ ಆದ್ಮೇಲೇ ಒಗೆ ಕಕ್ಕೋದು. ಇದ್ಕೆ ಚಳಿ ಐತೆ."

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರ ಬದುಕಿನಲ್ಲಿ ಕೆಲವು ಮಾತುಗಳು ಹೊಸಿಲು ದಾಟುವಾಗ ಬಟ್ಟೆ ಬದಲಿಸಿಬಿಡುತ್ತವೆ. ಮಾದಮ್ಮ ಹೇಳಿದ್ದು ಚಳಿ. ಕಾಳಿಯಪ್ಪನ್ ಕಿವಿಗೆ ಬಿದ್ದದ್ದು ಸಳಿ. ಸಳಿ ಅಂದರೆ ತಮಿಳಿನಲ್ಲಿ ನೆಗಡಿ, ಕಫ, ಸಿಂಬಳ ಎಲ್ಲವೂ.

"ಸಳಿಯಾ ಅಕ್ಕಾ? ಅಪ್ಪೊ ಮೂಕ್ಕು ಅಡೈಚ್ಚಿರುಕ್ಕು" ಎಂದು ಅವನು ಖುಷಿಯಿಂದ ಕೈ ಉಜ್ಜಿಕೊಂಡ. ಮೂಗು ಕಟ್ಟಿದೆಯಂತೆ. ಕಾರಿನ ಮೂಗು ಅಂದರೆ ಏರ್ ಫಿಲ್ಟರು. ಅದನ್ನು ಬಿಚ್ಚಿ, ಕೊಡವಿ, ಊದಿ, ಗಾಳಿ ಹೋಗುವ ದಾರಿಯುದ್ದಕ್ಕೂ ಬಟ್ಟೆ ತೂರಿಸಿ ಸೀನಿಸಿದ. ಆ ಶುಶ್ರೂಷೆಯಲ್ಲಿ ಒಂದಿಡೀ ದಿನ ಹೋಯಿತು. ಮರುದಿನ ಕಾರು ಬಿಸಿಯಾಯಿತು, ಮೊದಲಿಗಿಂತ ಆರೋಗ್ಯವಾಗಿ ಕೆಮ್ಮಿತು. ಚಿಕ್ಕಮುನಿಯಪ್ಪನ ಇನ್ನೊಂದು ಪಂಚೆ ಶಬರಿಮಲೆಗೆ ಹೊರಟಿತು.

"ಸಳಿ ಪೋಯಿಡುಚ್ಚೇ ಅಣ್ಣೇ, ಇರುಮಲ್ ಮಟ್ಟುಂ ಯಾಕೆ ಐತೆ" ಎಂದು ಕಾಳಿಯಪ್ಪನ್ ಎರಡು ಭಾಷೆಗಳನ್ನೂ ಸಮನಾಗಿ ಕೆಡಿಸಿ ಕೇಳಿದ. ನೆಗಡಿ ಹೋಯಿತು, ಕೆಮ್ಮು ಯಾಕೆ ಉಳಿಯಿತು?

ಎಲ್ಲಪ್ಪನಿಗೆ ಪಕ್ಕನೆ ಹೊಳೆಯಿತು. "ಅಯ್ಯೋ ನಿನ್ನ, ಸಳಿ ಅಲ್ಲ ಕಣ್ ತಂಬಿ. ಚಳಿ. ಕುಳಿರು, ಕುಳಿರು."

"ಕುಳಿರಾ? ಕಾರಿಮಂಗಲತ್ತಿಲಾ?" ಎಂದ ಕಾಳಿಯಪ್ಪನ್, ಬೆವರು ಒರೆಸಿಕೊಳ್ಳುತ್ತ. ಒರೆಸಿಕೊಳ್ಳುತ್ತಿದ್ದ ಕೈ ಹಣೆಯ ಮೇಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮರುಕ್ಷಣ ಇಬ್ಬರ ತಲೆಗಳೂ ಬಾನೆಟ್ಟಿನೊಳಗೆ ಢೀ ಎಂದವು.

ಇಂಜಿನ್ನಿನ ನೀರಿಗೆ ಬಾಲ ಅದ್ದಿಕೊಂಡು ಕೂತಿತ್ತು ಒಂದು ಹಿತ್ತಾಳೆ ಮೊಳೆ. ನೀರು ಎಷ್ಟು ಬಿಸಿಯಾಗಿದೆಯೆಂದು ಸೀಟಿನ ಕೆಳಗಿನ ಡಬ್ಬಿಗೆ ಹೇಳುವುದು ಅದರ ಕೆಲಸ. ಇಂಜಿನ್ನಿಗೆ ಚಳಿಯೆಂದು ಅದು ಹೇಳಿದರೆ ಡಬ್ಬಿ ಪೆಟ್ರೋಲನ್ನು ಧಾರಾಳವಾಗಿ ಕೊಡುತ್ತದೆ, ಜ್ವರ ಬಂದವರಿಗೆ ಬಿಸಿ ಗಂಜಿ ಕೊಟ್ಟ ಹಾಗೆ. ಕಾಳಿಯಪ್ಪನ್ ಆ ಮೊಳೆ ಬಿಚ್ಚಿ, ಓಮ್ ಮೀಟರಿನ ವೈರು ಕಚ್ಚಿಸಿದ. ಮಾದಮ್ಮನ ಒಲೆಯ ಮೇಲೆ ಅನ್ನಕ್ಕಿಟ್ಟ ಎಸರು ಕುದಿಯುತ್ತಿತ್ತು. ಕೇಳದೆ ಅದರೊಳಗೆ ಇಳಿಬಿಟ್ಟ. ಮೀಟರಿನ ಮುಳ್ಳು ಸರ್ರನೆ ಓಡಬೇಕಿತ್ತು. ಮೂವರೂ ಬಗ್ಗಿ ನೋಡಿದರು. ಮುಳ್ಳು ಸರಕಾರಿ ಕಚೇರಿಯ ಗುಮಾಸ್ತನಂತೆ ಕೂತಲ್ಲೇ ಕೂತಿತ್ತು.

"ಸತ್ತೋಗೈತೆ" ಎಂದ ಎಲ್ಲಪ್ಪ, ಲಾಟರಿ ಹೊಡೆದವನ ದನಿಯಲ್ಲಿ. ಮೊಳೆ ಎಂದೋ ಸತ್ತು, ಸಾಯುವಾಗ ಕಂಡ ಚಳಿಯನ್ನೇ ಈಗಲೂ ವರದಿ ಮಾಡುತ್ತಿತ್ತು. ಹೊರಗೆ ಧರ್ಮಪುರಿ ಜಿಲ್ಲೆಯ ಬಿಸಿಲಿಗೆ ಡಾಂಬರು ಕರಗುತ್ತಿದ್ದರೂ, ಕಾರು ಮಾತ್ರ ಮನಸ್ಸಿನಲ್ಲೇ ಜರ್ಮನಿಯ ಹಿಮದಲ್ಲಿ ಕಂಬಳಿ ಹೊದ್ದು ಕೂತಿತ್ತು.

"ನಾನು ಏಳ್ಲಿಲ್ವಾ ಚಳಿ ಐತೆ ಅಂತ" ಎಂದಳು ಮಾದಮ್ಮ. "ಈಗ ನನ್ ಎಸರು ಚೆಲ್ಲಿ ಬ್ಯಾರೆ ಇಕ್ಕಿ."

ಹೊಸ ಮೊಳೆ ಜರ್ಮನಿಯಿಂದಲೇ ಬರಬೇಕಿತ್ತು. ಸೇಲಂ ಮೆರವಣಿಗೆಯ ಭಾನುವಾರವೋ ನಾಲ್ಕೇ ದಿನ ದೂರವಿತ್ತು. ಕಾಳಿಯಪ್ಪನ್ ಅಟ್ಟದ ಮೇಲಿದ್ದ ಎಲ್ಲಪ್ಪನ ಸತ್ತ ರೇಡಿಯೋ ಇಳಿಸಿ ಅದರ ವಾಲ್ಯೂಮ್ ತಿರುಪು ಕಿತ್ತ. ಮೊಳೆ ಹೇಳಬೇಕಾದ ಮಾತನ್ನು ಈಗ ತಿರುಪು ಹೇಳಬೇಕು. ವೈರು ಎಳೆದು, ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು ಕೊರೆದು ಕೂರಿಸಿದ. ಕಾರು ಸ್ಟಾರ್ಟಾಯಿತು, ಬಿಸಿಯಾಯಿತು, ಕೆಮ್ಮಲು ಬಾಯಿ ತೆರೆಯಿತು. ಎಲ್ಲಪ್ಪ ತಿರುಪನ್ನು ಎಡಕ್ಕೆ ತಿರುಗಿಸಿದ. ಕರೀ ಹೊಗೆ ಬೂದಿಯಾಯಿತು, ಬೂದಿ ತೆಳುವಾಯಿತು, ಆಮೇಲೆ ಸೈಲೆನ್ಸರಿನ ಹಿಂದೆ ಬರಿಯ ಬೀದಿ ಕಂಡಿತು. ಇಂಜಿನ್ನು ಹೊಲಿಗೆ ಮಿಷನ್ನಿನಂತೆ ಗುನುಗಿತು. ಕಾಳಿಯಪ್ಪನ್ ಬೀದಿಯಲ್ಲೇ ಲುಂಗಿ ಎತ್ತಿಕಟ್ಟಿ ಒಂದು ಸುತ್ತು ಕುಣಿದ. ಎಲ್ಲಪ್ಪನಿಗೆ ಕುಣಿಯಲು ಮಂಡಿ ಬಿಡಲಿಲ್ಲ. ಹಾರ್ನ್ ಹೊಡೆದ.

ಭಾನುವಾರ ತೊಪ್ಪೂರು ಘಾಟಿಯಲ್ಲಿ ಲಾರಿಗಳೆಲ್ಲ ತಿರುಗಿ ನೋಡುವಂತೆ ಕಾರು ಇಳಿಯಿತು. ಎಲ್ಲಪ್ಪನ ಪಕ್ಕದಲ್ಲಿ ಮಾದಮ್ಮ, ಹಿಂದೆ ಕಾಳಿಯಪ್ಪನ್. ಸೇಲಂನ ಮೈದಾನದಲ್ಲಿ ಬಿಳಿ ಟೋಪಿಯ ತೀರ್ಪುಗಾರ ಕೈಯಲ್ಲಿ ನಂಬರಿನ ಚೀಟಿ ಹಿಡಿದು ಬಂದ. ಗುನುಗುತ್ತ ನಿಂತಿದ್ದ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಸೂಪರ್ ಸಾರ್" ಎಂದು ಚೀಟಿಯ ಅಂಟಿನ ಕಾಗದವನ್ನು ಅರ್ಧ ಸುಲಿದ. ಅಷ್ಟರಲ್ಲಿ ತೀರ್ಪುಗಾರನ ಕಣ್ಣು ಡ್ಯಾಶ್‌ಬೋರ್ಡಿಗೆ ಬಿತ್ತು.

"ಇದು ಎನ್ನ ಸಾರ್?"

ತಿರುಪಿನ ಮೇಲೆ ವಾಲ್ಯೂಮ್ ಎಂದು ಇಂಗ್ಲಿಷಿನಲ್ಲಿ ಚೆಂದಾಗಿ ಬರೆದಿತ್ತು. ಎಲ್ಲಪ್ಪ "ರೇಡಿಯೋ ಸಾರ್" ಎಂದ.

"ಆ ಕಾಲದ್ದಾ? ರೊಂಬ ನಲ್ಲದು. ಪಾಟ್ಟು ಪೋಡುಂಗ." ಹಾಡು ಹಾಕಬೇಕಂತೆ.

"ಈಗ ನಿದ್ದೆ ಮಾಡ್ತೈತೆ ಸಾರ್."

ತೀರ್ಪುಗಾರ ನಕ್ಕು, ಕಿಟಕಿಯೊಳಗೆ ಕೈಹಾಕಿ, ತಾನೇ ತಿರುಪನ್ನು ಬಲಕ್ಕೆ ತಿರುಗಿಸಿದ. ಹಾಡು ಹಿಂದಿನಿಂದ ಬಂತು. ಮೈದಾನದ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಯಾರಿಗೆ ಯಾರೂ ಕಾಣಲಿಲ್ಲ. ಹೊಗೆ ತಿಳಿಯಾದಾಗ ಬಿಳಿ ಟೋಪಿ ಶಬರಿಮಲೆಗೆ ಸಿದ್ಧವಾಗಿತ್ತು.

"ಒಗೆ ಬಂತು ಅಂತ ಬ್ಯಾಡ ಅನ್ಬೇಡಿ ಸಾರ್" ಎಂದು ಎಲ್ಲಪ್ಪ ಕೈಮುಗಿದ.

"ಹೊಗೆಗೆ ರೂಲೇ ಇಲ್ಲ ಸಾರ್" ಎಂದ ತೀರ್ಪುಗಾರ, ಟೋಪಿ ಕೊಡವುತ್ತ. ಸೇಲಂನವನಾದರೂ ಅವನಿಗೆ ಕನ್ನಡ ಬರುತ್ತಿತ್ತು. "ಹಳೇ ಕಾರು ಹೊಗೆ ಬಿಡ್ದೆ ಇನ್ನೇನು ಬಿಡುತ್ತೆ. ಆದ್ರೆ ಕಾರಲ್ಲಿ ಫಿಟ್ ಮಾಡಿರೋ ಸಾಮಾನೆಲ್ಲ ಕೆಲಸ ಮಾಡ್ಬೇಕು, ಅದಕ್ಕೆ ರೂಲಿದೆ. ನಿಮ್ಮ ರೇಡಿಯೋ ಹಾಡ್ತಿಲ್ಲ."

"ನಿಜ ಏಳ್ಬುಡ್ತೀನಿ ಸಾರ್. ಅದು ರೇಡಿಯೋನೇ ಅಲ್ಲ, ಇಂಜಿನ್ದು."

"ಹಾಗಾದ್ರೆ ಕಂಪನಿ ಕೊಟ್ಟಿದ್ದಲ್ಲ, ಆಮೇಲೆ ಸೇರ್ಸಿದ್ದು. ಅದಕ್ಕೆ ಬೇರೆ ರೂಲಿದೆ." ಅರ್ಧ ಸುಲಿದ ಕಾಗದವನ್ನು ಅವನು ಮೆಲ್ಲಗೆ ಮತ್ತೆ ಚೀಟಿಗೆ ಅಂಟಿಸಿದ. ಮುಂದಿನ ಕಾರಿನ ಕಡೆ ನಡೆದ. ಆ ಕಾರು ಎಲ್ಲಪ್ಪನದಕ್ಕಿಂತ ಕರ್ರಗೆ ಹೊಗೆ ಉಗುಳುತ್ತ ನಿಂತಿತ್ತು, ನಂಬರು ಅಂಟಿಸಿಕೊಂಡಿತು.

ಕಾಳಿಯಪ್ಪನ್ ತಿರುಪನ್ನೇ ದಿಟ್ಟಿಸಿದ. "ಸ್ಪೀಕರ್ ಒಣ್ಣು ಸೇತ್ತು ಮಾಟ್ಟಿರುಕ್ಕಲಾಂ ಅಣ್ಣೇ" ಎಂದ. ಒಂದು ಸ್ಪೀಕರೂ ಸೇರಿಸಿ ಹಾಕಬಹುದಿತ್ತಂತೆ.

ಹಿಂತಿರುಗುವ ದಾರಿಯಲ್ಲಿ ಧರ್ಮಪುರಿ ಬಂದಾಗ ಮಾದಮ್ಮ, "ಇಲ್ಲಿ ವಸಿ ನಿಲ್ಸು" ಎಂದಳು. ಅಲ್ಲಿ ಬಿದಿರು ಕೆಲಸದ ಪೊನ್ನುಸ್ವಾಮಿ ಹೊಸ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ಚಾಪೆಗಳನ್ನು, ಕಟ್ಟು ಕಟ್ಟಿ ಕಾಯುತ್ತಿದ್ದ. ಅವಳು ಬುಧವಾರವೇ ಹೇಳಿಕಳಿಸಿದ್ದಳು.

"ಬುಧವಾರ ಕಾರು ರೆಡಿಯಾಗಿತ್ತಲ್ಲೇ" ಎಂದ ಎಲ್ಲಪ್ಪ.

"ಕಾರು ಆಗಿತ್ತು. ನೀನು ಆಗಿರ್ಲಿಲ್ಲ. ಆ ತಿರುಪು ಯಾಕೆ ಅಂತ ಯಾರಾರ ಕೇಳಿದ್ರೆ ಏನೇಳ್ಬೇಕು ಅಂತ ನಿಂಗೆ ಗೊತ್ತಿರ್ಲಿಲ್ಲ. ಚಿಕ್ಕಮುನಿಯಪ್ಪ ಬೆಳಗ್ಗಿಂದ ಶೆಡ್ಡಿಗೆ ಸುಣ್ಣ ಒಡೀತಾ ಅವ್ನೆ, ಬಿರ್ರನೆ ನಡಿ."

ಪೊನ್ನುಸ್ವಾಮಿಯೂ ಕಾಳಿಯಪ್ಪನ್‌ನೂ ಸೇರಿ ಕಟ್ಟುಗಳನ್ನು ಕಾರಿನ ತಲೆಯ ಮೇಲೇರಿಸಿ ಹಗ್ಗ ಬಿಗಿದರು. ಎಲ್ಲಪ್ಪ ಗೇರು ಹಾಕಿದ. ಹೊರೆಗೆ ಕಾರು ತಿಣುಕಿ, ಹಿಂದೆ ತೆಳ್ಳಗೊಂದು ಕಪ್ಪು ಗೆರೆ ಎಳೆಯಿತು.

"ವಾಲ್ಯೂಮ್ ವಸಿ ಕಮ್ಮಿ ಮಾಡು" ಎಂದಳು ಮಾದಮ್ಮ. "ಚಂದ್ರಿಕೆ ಕರ್ರಗಾಯ್ತಾಳೆ."