ಖಾಲಿ ಕೋಣೆಯ ಸದ್ದು

ಆ ಸುತ್ತಿನ ಊರುಗಳಲ್ಲಿ ಬುರುಡೆಕೊಳಲು ಊದುವವನು ಅವನೊಬ್ಬನೇ ಉಳಿದಿದ್ದ. ಒಣಗಿದ ಸೋರೆಬುರುಡೆಗೆ ಬಿದಿರ ಕೊಳವೆಗಳನ್ನು ಸಿಕ್ಕಿಸಿ, ಸಂದಿಗೆ ಜೇನುಮೇಣ ಮೆತ್ತಿದ ವಾದ್ಯ. ಹೆಂಡತಿಯನ್ನು ಹಿಡಿದದ್ದಕ್ಕಿಂತ ಅದನ್ನು ಮೆತ್ತಗೆ ಹಿಡಿಯುತ್ತಾನೆ ಎಂದು ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಈಚೆಗೆ ಎದೆ ಕೈಕೊಡುತ್ತಿತ್ತು. ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲು ನಡುವೆ ಮುರಿದು ಬೀಳುತ್ತಿತ್ತು. ಪೂರ್ತಿ ನಿಲ್ಲುವ ಮೊದಲು ತನ್ನ ಊದು ಎಲ್ಲಾದರೂ ಉಳಿಯಬೇಕು ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ಅಂಥ ಹೊತ್ತಿನಲ್ಲಿ, ವಾದ್ಯಗಳ ಸದ್ದು ಹಿಡಿದಿಡುವ ಮೈಕಿನವನೊಬ್ಬ ಮನೆ ಹುಡುಕಿಕೊಂಡು ಬಂದ.

"ಹಾಡು ಬೇಡ ಯಜಮಾನ್ರೇ, ಒಂದೊಂದೇ ಸ್ವರ ಸಾಕು. ಮೆತ್ತಗೊಂದ್ಸಲ, ಜೋರಾಗೊಂದ್ಸಲ. ಸಂಗೀತ ಮಾಡೋರು ಕಂಪ್ಯೂಟರಲ್ಲಿ ಕೀ ಒತ್ತಿದ್ರೆ ನಿಮ್ಮ ಕೊಳಲು ಕೂಗ್ಬೇಕು."

"ನಾನು ಸತ್ತ ಮೇಲೂ?"

"ಸತ್ತ ಮೇಲೂ ರಜಾ ಇಲ್ಲ ನಿಮಗೆ."

ಹೆಂಡತಿಯೂ ಸೇರಿ ಮೂವರೂ ನಕ್ಕರು.

ಕೋಣೆಯನ್ನು ಸದ್ದಿಲ್ಲದಂತೆ ಮಾಡುವುದೇ ದೊಡ್ಡ ಕೆಲಸವಾಯಿತು. ಗಡಿಯಾರ ಇಳಿಸಿದರು. ಕೋಳಿಗಳನ್ನು ಪಕ್ಕದವರ ಕೊಟ್ಟಿಗೆಗೆ ಸಾಗಿಸಿದರು. ಹೆಂಡತಿ ಬಳೆ ಬಿಚ್ಚಿಟ್ಟಳು. ಗೋಡೆ ಮಾರ್ದನಿ ಕೊಡಬಾರದೆಂದು ಸುತ್ತ ಕಂಬಳಿ ತೂಗುಹಾಕಿದರು. ಒಂದು ಮೂಲೆಗೆ ಸಾಲದೆ ಹೋದಾಗ, ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವನ ತಾಯಿಯ ಮೈಮೇಲಿನದೂ ಬಂತು.

ತಾಯಿಗೆ ಒಂದು ಮಗ್ಗುಲು ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಏನಾದರೂ ಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಿದ್ದಳು. ಟಣ್ ಟಣ್, ಸ್ವಲ್ಪ ತಡೆದು, ಟಣ್. ಮಕ್ಕಳು ಚಿಕ್ಕವರಿದ್ದಾಗ ಊಟಕ್ಕೆ ಕರೆಯಲು ಪಾತ್ರೆಯ ಅಂಚಿಗೆ ಸೌಟು ಬಡಿಯುತ್ತಿದ್ದದ್ದೂ ಹೀಗೆಯೇ.

ಮೊದಲ ಸ್ವರ ಹಿಡಿಯುವಾಗಲೇ ಲೋಟ ಸದ್ದಾಯಿತು. ಮೈಕಿನವನು ಕಿವಿಯಿಂದ ಹೆಡ್‌ಫೋನ್ ತೆಗೆದ. ಹೆಂಡತಿ ಹೋಗಿ ನೀರು ಕುಡಿಸಿ ಬಂದಳು. ಮತ್ತೆ ಹಿಡಿದ, ಮತ್ತೆ ಟಣ್ ಟಣ್.

"ಹೀಗಾದ್ರೆ ನಾನು ಹೊರಡೋದೇ ಸರಿ," ಅಂದ ಮೈಕಿನವನು.

ಈ ಸಲ ಮಗನೇ ಎದ್ದುಹೋದ. "ಸ್ವಲ್ಪ ಹೊತ್ತು ಸುಮ್ನಿರಮ್ಮ. ನನ್ನ ಜೀವಮಾನದಲ್ಲಿ ಇದೊಂದು ದಿನ," ಎಂದು ಲೋಟ, ಚಮಚ ಎರಡನ್ನೂ ಎತ್ತಿಕೊಂಡು ಬಂದ. ತಾಯಿಯ ಆಡುವ ಕೈ ಇನ್ನೂ ಚಮಚ ಹಿಡಿದಿರುವ ಹಾಗೆಯೇ ಗಾಳಿಯಲ್ಲಿ ನಿಂತಿತ್ತು.

ಮಧ್ಯಾಹ್ನವೆಲ್ಲ ಊದಿದ. ಕೊನೆಗೆ ಮೈಕಿನವನು, "ಇನ್ನು ಖಾಲಿ ಕೋಣೆ ಸದ್ದು ಬೇಕು, ಸ್ವರದಿಂದ ಅದನ್ನ ಕಳೆಯೋಕೆ. ಏನೂ ಮಾಡದೆ ಕೂತ್ಕೊಳ್ಳಿ. ಉಸಿರೂ ಕೇಳಿಸ್ಬಾರ್ದು," ಅಂದ.

ಕೂತರು. ಗೋಡೆಯ ಆಚೆಯಿಂದ ಬಂತು: ಕರ್ ಕರ್... ಕರ್.

ಅವನಿಗೆ ತಿಳಿಯಿತು. ಅರ್ಧ ಎದ್ದ. ಮೈಕಿನವನು ಕಣ್ಣು ಮುಚ್ಚಿಕೊಂಡೇ ಅಂಗೈ ಎತ್ತಿ ತಡೆದ. ಅವನು ಆ ಅಂಗೈಯನ್ನೇ ನೋಡಿ, ಕೂತ. ಹೆಂಡತಿ ನೆಲ ನೋಡಿದಳು. ಕರ್ ಕರ್... ಕರ್. ಬರಬರುತ್ತ ನಿಧಾನವಾಗಿ, ಆಮೇಲೆ ನಿಂತಿತು.

"ಮರ ಕೊರೆಯೋ ಹುಳುನಾ?" ಮೈಕಿನವನ ಮುಖ ಅರಳಿತ್ತು.

"ಹೂಂ," ಅಂದಳು ಹೆಂಡತಿ. "ಬಾಗಿಲ ಚೌಕಟ್ಟಿಗೆ ಹಿಡಿದಿದೆ."

"ಎಂಥ ಸದ್ದು! ಸರಿ, ಜೋರಿನ ಸ್ವರ ಇನ್ನೊಂದ್ಸಲ ತಗೊಳ್ಳೋಣ."

ಅದನ್ನೂ ಊದಿದ.

ಬಿಸಿಲು ಇಳಿದಾಗ ಕಂಬಳಿ ಹೊದಿಸಲು ಹೋದರೆ ತಾಯಿ ತಣ್ಣಗಾಗಿದ್ದಳು. ನಾಲಿಗೆ ಒಣಗಿತ್ತು. ಮಂಚದ ಪಕ್ಕ ಗೋಡೆಯ ಸುಣ್ಣ ಗೀರುಗೀರಾಗಿ ಕಿತ್ತಿತ್ತು. ದೂರದಲ್ಲಿದ್ದ ಅವನ ಅಕ್ಕ ಬರುವುದರೊಳಗೆ ಹೆಂಡತಿ ಬೆಂಕಿಕಡ್ಡಿಯಿಂದ ಸತ್ತವಳ ಉಗುರು ಶುಚಿ ಮಾಡಿದಳು.

"ನಿದ್ದೇಲೇ ಹೋದ್ರು ಅತ್ತಿಗೆ. ಒಂದು ಸದ್ದಿಲ್ಲ."

"ಪುಣ್ಯವಂತೆ ನನ್ನಮ್ಮ," ಎಂದು ಅಕ್ಕ ಅತ್ತಿದ್ದಳು.

ಮಳೆ ಹಿಡಿದಾಗ ಅಕ್ಕ ಮತ್ತೆ ಬಂದು ತಮ್ಮನ ಮನೆಯಲ್ಲಿ ಕೆಲವು ದಿನ ಇದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ತಮ್ಮನ ಫೋನಿಗೆ ಮೈಕಿನವನು ಮಾತು ರೆಕಾರ್ಡ್ ಮಾಡಿ ಕಳಿಸಿದ್ದು ಬಂತು. ಕೊಳಲಿನ ಸುದ್ದಿಯೇ ಇರಬೇಕೆಂದು ಅವನು ಎಲ್ಲರಿಗೂ ಕೇಳುವಂತೆ ಜೋರಾಗಿ ಹಾಕಿದ.

"ಯಜಮಾನ್ರೇ, ಕೊಳಲು ಉಪಯೋಗಕ್ಕೆ ಬರ್ಲಿಲ್ಲ. ಪ್ರತಿ ಸ್ವರದಲ್ಲೂ ನಿಮ್ಮ ಎದೆ ಗೊರಗೊರ ಅಂತಿದೆ, ಎಲ್ಲಾ ತೆಗೆದುಹಾಕ್ದೆ. ಆದ್ರೆ ನಿಮ್ಮ ಮನೆ ಹುಳು ಇದೆಯಲ್ಲ, ಎಲ್ರೂ ಅದನ್ನೇ ಕೇಳ್ತಾರೆ! ಮಳೆ ಸದ್ದಿನ ಕೆಳಗಿಟ್ರೆ ಎಂಥವ್ರಿಗೂ ನಿದ್ದೆ ಬರತ್ತೆ. ಕೇಳಿ."

ಮಳೆ ಸುರಿಯಿತು, ಫೋನಿನಲ್ಲೂ ಹೊರಗೂ. ಅದರ ಕೆಳಗೆ ಕರ್ ಕರ್... ಕರ್.

ಅವನು ಫೋನನ್ನು ಕಿವಿಗೊತ್ತಿಕೊಂಡ. ಎಲ್ಲಾದರೂ ಹಿಂದೆ ಕೊಳಲಿದೆಯೇನೋ ಎಂದು ಹುಡುಕುತ್ತಿದ್ದ.

ಅಕ್ಕನ ಕೈ ಅಕ್ಕಿಯ ಮೇಲೆ ನಿಂತಿತ್ತು. "ಕೊಡಿಲ್ಲಿ," ಎಂದು ಫೋನು ಕಿತ್ತುಕೊಂಡು ಮತ್ತೆ ಹಾಕಿದಳು. ಮತ್ತೆ ಹಾಕಿದಳು.

"ಹುಳು ಅತ್ತಿಗೆ, ಚೌಕಟ್ಟಿಂದು," ಅಂದಳು ಹೆಂಡತಿ.

ಅಕ್ಕ ಚೌಕಟ್ಟಿನ ಕಡೆ ನೋಡಿದಳು. ಕಬ್ಬಿಣದ್ದು. ಎದ್ದು ತಾಯಿಯ ಕೋಣೆಗೆ ಹೋದಳು. ಮಂಚವಿದ್ದ ಕಡೆ, ಅಷ್ಟಗಲಕ್ಕೆ ಮಾತ್ರ, ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಅಲ್ಲಿಂದ ಅಡುಗೆಮನೆಗೆ ನಡೆದಳು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಬೆನ್ನ ಹಿಂದಿನಿಂದ ಬಂತು: ಟಣ್ ಟಣ್... ಟಣ್.

ಹಳೆಯ ರೂಢಿ. ಅವನು ತಟ್ಟನೆ ಎದ್ದು ನಿಂತುಬಿಟ್ಟಿದ್ದ.

"ಈಗ ಏಳ್ತೀಯಲ್ಲೋ," ಅಂದಳು ಅಕ್ಕ, ಲೋಟ ಹಿಡಿದು ಬಾಗಿಲಲ್ಲಿ ನಿಂತು.

ಅವನು ಕೂರಲು ಹೋದ. ಅವಳು ಮತ್ತೆ ಬಡಿದಳು.