ಮಧ್ಯಾಹ್ನದ ಮೇಲೆ ಮಾತು ಬಿಡುವ ಮೆಷಿನ್ನು

ಊಟ ಮುಗಿಸಿ ಬಾಗಿಲು ತೆರೆದರೆ ಸಾಕು, ನಮ್ಮ ಲ್ಯಾಬಿನಲ್ಲಿ ರಗಳೆ ಶುರು. ಬೆಳಿಗ್ಗೆಯೆಲ್ಲ ಸರಿಯಿದ್ದ ರಕ್ತ ಪರೀಕ್ಷೆಯ ಮೆಷಿನ್ನು ಮಧ್ಯಾಹ್ನದ ಮೇಲೆ ಕಂಪ್ಯೂಟರಿನ ಜೊತೆ ಮಾತು ಬಿಡುತ್ತಿತ್ತು. ಒಂದು ದಿನ ಸರಿ ಇದ್ದರೆ ಮರುದಿನ ಮತ್ತೆ ಅದೇ ಹಾಡು. ಲ್ಯಾಬು ನನ್ನ ಅಕ್ಕನದು. ರಕ್ತ ತೆಗೆಯುವವಳು ನಾನು. ಕೌಂಟರು, ಕಂಪ್ಯೂಟರು, ವೈಫೈ ಎಲ್ಲ ಭಾವನ ದರ್ಬಾರು.

ಆ ದಿನ ಊಟ ಮುಗಿಸಿ ಬಾಗಿಲು ತೆರೆಯುತ್ತಿದ್ದಂತೆ, ಮೆಷಿನ್ನು ಆನ್ ಆಗುವ ಮೊದಲೇ, ನಮ್ಮ ಬೀದಿಯ ಬಡಗಿ ಹೆಂಡತಿಯ ರಕ್ತದ ಟ್ಯೂಬು ಹಿಡಿದು ಓಡಿ ಬಂದ. ಅವಳು ಪಕ್ಕದ ರಸ್ತೆಯ ನರ್ಸಿಂಗ್ ಹೋಮಿನಲ್ಲಿದ್ದಳು. ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು, ಆದರೆ ಪ್ಲೇಟ್‌ಲೆಟ್ ಎಷ್ಟಿದೆಯೆಂದು ತಿಳಿಯದೆ ಡಾಕ್ಟರು ಕೈ ಹಚ್ಚುವಂತಿರಲಿಲ್ಲ. ಪಾಪ, ಭಾವನೇ ಅವನಿಗೆ ವೈಫೈ ಪಾಸ್‌ವರ್ಡ್ ಕೊಟ್ಟು ಕೂರಿಸಿದ. ಅವನು ಕೂರುತ್ತಾನೆಯೇ? ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಕೌಂಟರಿಗೂ ಓಡಾಡುತ್ತಲೇ ಇದ್ದ, ಕಣ್ಣು ಮೊಬೈಲಿನ ಮೇಲೆ.

ಮೆಷಿನ್ನು ಪರೀಕ್ಷೆ ಮುಗಿಸಿತು. ಅದಕ್ಕೆ ಸ್ವಂತ ಪರದೆ ಇಲ್ಲ, ಫಲಿತಾಂಶ ಕಂಪ್ಯೂಟರಿಗೇ ಬರಬೇಕು. ಬರಲಿಲ್ಲ.

"ಏನ್ರೀ, ಮತ್ತೆ ಕೈ ಕೊಡ್ತಾ?" ಒಳಗಿನಿಂದ ಅಕ್ಕ ಕೇಳಿದಳು.

"ಎರಡು ನಿಮಿಷ ಇರು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡ್ತೀನಿ," ಅಂದ ಭಾವ.

"ಆಗಿನಿಂದ ಅದನ್ನೇ ಮಾಡ್ತಿದ್ದೀರಲ್ಲ ಭಾವ," ಅಂದೆ. "ಕೇಬಲಕ್ಕನ್ನ ಕರೀಲಾ?"

ಕೇಬಲಕ್ಕ ಅಂದರೆ ಮೇಲಿನ ಮಹಡಿಯಲ್ಲಿರುವ ನೆಟ್‌ವರ್ಕ್ ಕೆಲಸದವಳು. ನಮ್ಮ ಲ್ಯಾಬಿನ ಇಂಟರ್‌ನೆಟ್ಟು, ವೈಫೈ ಎಲ್ಲ ಹಾದುಬರುವ ಫೈರ್‌ವಾಲ್ ಪೆಟ್ಟಿಗೆ ಹಾಕಿಕೊಟ್ಟವಳೂ ಅವಳೇ.

"ಎಲ್ಲದಕ್ಕೂ ಅವಳೇ ಬೇಕಾ? ನನಗೆ ಗೊತ್ತಿಲ್ವಾ?" ಭಾವ ಮುಖ ಗಂಟಿಕ್ಕಿದ. ಅಷ್ಟರಲ್ಲಿ ನರ್ಸಿಂಗ್ ಹೋಮಿನಿಂದ ಬಡಗಿಗೆ ಫೋನು. ರಿಪೋರ್ಟ್ ಎಲ್ಲಿ ಅಂತ ಆ ಕಡೆಯವರು ಗದರಿದ್ದು ನಮಗೂ ಕೇಳಿಸಿತು. ನನಗೆ ತಡೆಯಲಾಗಲಿಲ್ಲ, ಮೆಟ್ಟಿಲು ಹತ್ತಿ ಕೇಬಲಕ್ಕನನ್ನು ಎಳೆದುಕೊಂಡೇ ಬಂದೆ.

"ಅಣ್ಣ," ಅವಳು ಭಾವನನ್ನು ಕೇಳಿದಳು, "ಈ ಮೆಷಿನ್‌ಗೆ ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕ್‌ನಲ್ಲಿ ಅದರ ನಂಬರ್, ಕೊಟ್ಟಿದ್ದು ಯಾರು? ಪೆಟ್ಟಿಗೆನಾ, ನೀವಾ?"

"ನಾನೇ ಕೈಯಾರೆ ಹಾಕಿದೀನಿ. ಇಷ್ಟು ದುಬಾರಿ ಮೆಷಿನ್ನು, ಅದಕ್ಕೆ ಒಂದು ಖಾಯಂ ನಂಬರ್ ಬೇಡ್ವಾ?"

"ಸರಿ. ಊಟದ ಹೊತ್ತಲ್ಲಿ ಮೆಷಿನ್ ಏನ್ಮಾಡ್ತೀರಿ?"

"ಆಫ್ ಮಾಡ್ತೀನಿ. ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಕಲ್ಲ."

ಕೇಬಲಕ್ಕ ಹಣೆ ಒತ್ತಿಕೊಂಡಳು. "ಎಲ್ಲರೂ ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಬೇಗ."

ನಾವೆಲ್ಲ ಆಫ್ ಮಾಡಿದೆವು. ಏನೂ ಆಗಲಿಲ್ಲ. ಬಡಗಿ ಮಾತ್ರ ಇನ್ನೂ ಆಫ್ ಮಾಡಿರಲಿಲ್ಲ, ನಾನೇ ಅವನ ಮೊಬೈಲು ಇಸಿದುಕೊಂಡು ವೈಫೈ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ರಿಪೋರ್ಟು ಬಂತು. ಪ್ಲೇಟ್‌ಲೆಟ್ ಸಾಕಷ್ಟಿತ್ತು. ಅಕ್ಕ ಒಮ್ಮೆ ನೋಡಿ ಖಚಿತ ಮಾಡಿಕೊಂಡು ಡಾಕ್ಟರಿಗೆ ಕಳಿಸಿದಳು, ಬಡಗಿ ಚಪ್ಪಲಿಯನ್ನೂ ಮರೆತು ಓಡಿದ.

"ಅವನ ಮೊಬೈಲ್ ಏನ್ಮಾಡ್ತು?" ಭಾವನ ದನಿ ಇಳಿದಿತ್ತು.

"ಲಾಡ್ಜಲ್ಲಿ ರೂಮು ಕೊಡೋನು ಒಬ್ಬ ಇರ್ತಾನಲ್ಲ, ಈ ಪೆಟ್ಟಿಗೆ ಹಾಗೆ. ಬಂದೋರಿಗೆಲ್ಲ ತಾನೇ ಒಂದೊಂದು ನಂಬರ್ ಕೊಡುತ್ತೆ, ಅದಕ್ಕೆ ಡಿಎಚ್‌ಸಿಪಿ ಅಂತಾರೆ. ನೀವು ಅವನಿಗೆ ಹೇಳದೆ ಮೆಷಿನ್ನನ್ನ ಒಂದು ರೂಮಲ್ಲಿ ಕೂರಿಸಿದ್ರಿ. ಮಧ್ಯಾಹ್ನ ಆಫ್ ಮಾಡಿದಾಗ ಅದು ಎದ್ದು ಹೊರಗೆ ಹೋಯ್ತು. ಅವನು ರೂಮು ಖಾಲಿ ಅಂದ್ಕೊಂಡು ಬೇರೆಯವರಿಗೆ ಕೊಟ್ಟ. ಇವತ್ತು ಅದು ಸಿಕ್ಕಿದ್ದು ಬಡಗಿ ಮೊಬೈಲ್‌ಗೆ. ಆಮೇಲೆ ಮೆಷಿನ್ನೂ ಅದೇ ರೂಮಿಗೆ ವಾಪಸ್ ಬಂತು. ಒಂದೇ ನಂಬರ್‌ಗೆ ಇಬ್ಬರು, ಕಂಪ್ಯೂಟರ್ ಯಾರ ಹತ್ರ ಮಾತಾಡಬೇಕು?"

"ಹಾಗಾದ್ರೆ ಖಾಯಂ ನಂಬರ್ ಇಡೋದೇ ತಪ್ಪಾ?"

"ತಪ್ಪಲ್ಲ. ಮೆಷಿನ್ನಿನಲ್ಲಿ ಅಡ್ರೆಸ್ ತಾನಾಗೇ ತಗೊಳ್ಳೋ ಹಾಗೆ ಬಿಡಿ. ಈ ನಂಬರ್ ಇದಕ್ಕೇ ಮೀಸಲು ಅಂತ ಪೆಟ್ಟಿಗೆಗೆ ಹೇಳಿಡೋಣ. ಆಮೇಲೆ ಮೆಷಿನ್ ಎಷ್ಟು ಬೇಕಾದ್ರೂ ಮಲಗಲಿ, ಬೇರೆ ಯಾರಿಗೂ ಕೊಡಲ್ಲ. ಬಂದುಹೋಗೋರ ಮೊಬೈಲಿಗೆ ಬೇರೆ ವೈಫೈನೂ ಮಾಡಿಕೊಡ್ತೀನಿ."

ಭಾವ ಕುರ್ಚಿ ಬಿಟ್ಟು ಎದ್ದ. "ಕೂತ್ಕೋ. ಈಗಲೇ ಮಾಡು," ಅಂದ. ಪುಣ್ಯಾತ್ಮ, ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯಿತು.

ಸಂಜೆ ಬಡಗಿ ಚಪ್ಪಲಿಗಾಗಿ ಬಂದ. ಹೆಣ್ಣು ಮಗು, ತಾಯಿ ಚೆನ್ನಾಗಿದ್ದಾಳೆ ಅಂದ. ಆಮೇಲೆ ಮೆಲ್ಲಗೆ, "ನನ್ನ ಮೊಬೈಲಿಂದಲೇ ತಡ ಆಯ್ತಾ?" ಎಂದು ಕೇಳಿದ. ಭಾವ ತಲೆ ತಗ್ಗಿಸಿ, "ಇಲ್ಲಪ್ಪ, ನನ್ನಿಂದ," ಅಂದ.

ಅಂಗಡಿ, ಕ್ಲಿನಿಕ್ಕು, ಶಾಲೆ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲೂ ಇಂಥ ಪೆಟ್ಟಿಗೆ ಇರಬಹುದು. ನಂಬರ್ ಹಂಚುವ ಕೆಲಸ ಅದಕ್ಕೊಂದಕ್ಕೇ ಬಿಡಿ, ನಡುವೆ ನೀವು ಕೈ ಹಾಕಬೇಡಿ. ಪ್ರಿಂಟರಿಗೋ ಮೆಷಿನ್ನಿಗೋ ಖಾಯಂ ನಂಬರ್ ಬೇಕಿದ್ದರೆ ಪೆಟ್ಟಿಗೆಯಲ್ಲೇ ಮೀಸಲಿಡಿ. ತಿಳಿಯದಿದ್ದರೆ ತಿಳಿದವರನ್ನು ಇವತ್ತೇ ಕೇಳಿ. ನಿಮ್ಮ ಬಾಗಿಲಲ್ಲಿ ಯಾರೋ ಜೀವ ಕೈಯಲ್ಲಿ ಹಿಡಿದು ಕಾಯುವ ದಿನ ಬರುವವರೆಗೆ ಸುಮ್ಮನಿರಬೇಡಿ.